ಅತ್ತೆಯ ಜೊತೆ ಜ್ವಾಲಾಮುಖಿಗೆ

ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಎಂದು ಅವರು ಬಾಯಿ ತೆರೆಯುವ ಮೊದಲೇ ಹೇಳಬಲ್ಲೆ ಎಂಬ ನಂಬಿಕೆ ನನಗೆ ಬಹಳ ವರ್ಷಗಳಿಂದ ಇದೆ. ಇದು ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ವೈಟ್‌ಫೀಲ್ಡಿನ ಕೈಗಾರಿಕಾ ಪ್ರದೇಶದಲ್ಲಿ ಕರೆಂಟಿನ ಪ್ಯಾನಲ್ ಬೋರ್ಡುಗಳನ್ನು ತಯಾರಿಸುವ ಒಂದು ಕಾರ್ಖಾನೆಯ ಕಚೇರಿಯಲ್ಲಿ ಹಾಜರಿ, ರಜೆ, ಕ್ಯಾಂಟೀನು, ಬಸ್ಸು ಇವನ್ನೆಲ್ಲ ನೋಡಿಕೊಳ್ಳುವವಳು ನಾನು. ರಜೆ ಕೇಳಲು ಬಂದವನು ಬಾಗಿಲಲ್ಲಿ ನಿಲ್ಲುವ ರೀತಿಯಿಂದಲೇ ಇದು ನಿಜವಾದ ಜ್ವರವೋ ಭಾವಮೈದುನನ ಮದುವೆಯೋ ಎಂದು ತೀರ್ಮಾನ ಮಾಡಿಬಿಡುತ್ತೇನೆ. ಎಷ್ಟೋ ಸಲ ನನ್ನ ಊಹೆ ಸರಿಯಾಗಿದೆ. ಸರಿಯಾಗದಿದ್ದಾಗ ಅವರೇ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಿದ್ದೇನೆ. ಹೀಗಾಗಿ ನನ್ನ ಪ್ರಕಾರ ನಾನು ಇದುವರೆಗೆ ತಪ್ಪಿದ್ದೇ ಇಲ್ಲ. ಈ ವಿದ್ಯೆಯನ್ನು ಕಚೇರಿಯಲ್ಲೇ ಬಿಟ್ಟು ಮನೆಗೆ ಬಂದಿದ್ದರೆ ಒಳ್ಳೆಯದಿತ್ತು. ಆದರೆ ಟಿಫಿನ್ ಡಬ್ಬಿಯಂತೆ ಅದೂ ದಿನಾ ಸಂಜೆ ನನ್ನ ಜೊತೆಗೇ ಮನೆಗೆ ಬರುತ್ತದೆ.

ನಮ್ಮ ಮನೆ ಇರುವುದು ಪಟ್ಟಂದೂರು ಅಗ್ರಹಾರದಲ್ಲಿ. ನಮ್ಮ ಅತ್ತೆ ಪಿಳ್ಳಮ್ಮನವರು ಸೊಸೆಯಾಗಿ ಬಂದಾಗ ಅಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಬಾಡಿಗೆದಾರರನ್ನು ಬೆಳೆಯಲು ಶುರು ಮಾಡಿದ್ದರು. ಜಮೀನು ತುಂಡು ತುಂಡಾಗಿ ಹೋಗಿ, ಅದರ ಮೇಲೆ ಗಾಜಿನ ಕಟ್ಟಡಗಳು ಎದ್ದು, ಆ ಕಟ್ಟಡಗಳಲ್ಲಿ ಕೆಲಸ ಮಾಡುವವರು ನಮ್ಮ ಮಾವ ಸಾಲಾಗಿ ಕಟ್ಟಿಸಿದ ರೂಮುಗಳಿಗೆ ಬಂದು ಸೇರಿದರು. ಕೊನೆಗೆ ಉಳಿದದ್ದು ಮನೆಯ ಹಿಂದಿನ ಒಂದು ತುಂಡು ನೆಲ, ಅದೂ ಅತ್ತೆಯ ಹೆಸರಿನಲ್ಲಿ. ಅಲ್ಲಿ ನಾಲ್ಕು ಔಡಲದ ಗಿಡ, ಯಾರ್ಯಾರದೋ ಕಾರುಗಳು, ಮತ್ತು ಸಂಜೆ ಹೊತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ ನಮ್ಮ ಅತ್ತೆ, ಇಷ್ಟೇ ಇದ್ದದ್ದು. ಆ ನೆಲದಲ್ಲಿ ಊಟ ವಸತಿ ಸೇರಿಸಿ ಬಾಡಿಗೆಗೆ ಕೊಡುವ ಪೀಜಿ ಕಟ್ಟಿಸಬೇಕೆಂದು ನಮ್ಮವರಿಗೆ ಆಸೆ. ನಕ್ಷೆಯಾಯಿತು, ಕಂಟ್ರಾಕ್ಟರನೂ ಸಿಕ್ಕಿದ. ಅತ್ತೆಯ ಸಹಿಯೊಂದೇ ಬಾಕಿ. ಕಾಗದ ಮುಂದಿಟ್ಟಾಗಲೆಲ್ಲ ಅವರು ಕನ್ನಡಕ ಹಾಕಿಕೊಂಡು ಅದನ್ನು ಮೇಲಿಂದ ಕೆಳಗೆ ನೋಡಿ, ಕನ್ನಡಕ ತೆಗೆದು, "ನೋಡಾಣ" ಎನ್ನುತ್ತಿದ್ದರು. ಜಗಳವಿಲ್ಲ, ಬೇಡ ಎಂಬ ಮಾತಿಲ್ಲ. ಎರಡು ವರ್ಷ ಹೀಗೇ ಕಳೆಯಿತು.

ಅತ್ತೆಯ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಮಣ್ಣಿನ ಋಣ. ಉತ್ತು ಬಿತ್ತಿದ ನೆಲದ ಮೇಲೆ ಕಾಂಕ್ರೀಟು ಸುರಿಯುವುದನ್ನು ರೈತರ ಮನೆಯ ಹೆಂಗಸು ಹೇಗೆ ಸಹಿಸಿಯಾಳು? ಇದನ್ನು ನಾನು ನಮ್ಮವರಿಗೆ ಹೇಳಿದೆ, ನಾದಿನಿಗೆ ಹೇಳಿದೆ, ಕಚೇರಿಯಲ್ಲಿ ಊಟದ ಹೊತ್ತಿಗೆ ಹೇಳಿದೆ. ಹೇಳುವಾಗ ಒಂದೆರಡು ಸಲ ಕರ್ಚೀಫನ್ನೂ ತೆಗೆದಿದ್ದೆ. ಅತ್ತೆಯನ್ನೇ ಒಮ್ಮೆ ಕೇಳಿ ನೋಡಬಹುದಿತ್ತು ಎಂದು ನಿಮಗೆ ಅನ್ನಿಸಬಹುದು. ಗೊತ್ತಿರುವುದನ್ನು ಯಾರಾದರೂ ಕೇಳುತ್ತಾರೆಯೇ?

ಇದೇ ಸಮಯಕ್ಕೆ ನಮ್ಮ ಕಂಪನಿಯವರು ಬಹಳ ವರ್ಷ ದುಡಿದ ಕೆಲವರನ್ನು ಇಂಡೋನೇಷ್ಯಾ ಪ್ರವಾಸಕ್ಕೆ ಕಳಿಸುವುದೆಂದು ತೀರ್ಮಾನಿಸಿದರು. ಜೊತೆಗೆ ಮನೆಯವರೊಬ್ಬರು ಬರಬಹುದು. ನಮ್ಮವರಿಗೆ ವಿಮಾನವೆಂದರೆ ಭಯ, ಅದನ್ನು ಅವರು ಕೆಲಸದ ಒತ್ತಡ ಎಂದು ಕರೆಯುತ್ತಾರೆ. ಅಮ್ಮನನ್ನು ಕರೆದುಕೊಂಡು ಹೋಗು, ನಾಲ್ಕು ಬೆಟ್ಟಗುಡ್ಡ ನೋಡಿ ಮನಸ್ಸು ಹಗುರವಾದರೆ ಸಹಿ ಹಾಕಿಯಾಳು ಎಂದರು. ನಾದಿನಿ ಎಂದೋ ಸಿಂಗಪುರ ತೋರಿಸುತ್ತೇನೆಂದು ಹೇಳಿ ಅತ್ತೆಗೆ ಪಾಸ್‌ಪೋರ್ಟ್ ಮಾಡಿಸಿದ್ದಳು. ಸಿಂಗಪುರ ಆಗಲಿಲ್ಲ, ಪಾಸ್‌ಪೋರ್ಟ್ ಬೀರುವಿನಲ್ಲಿ ಕಾದು ಕೂತಿತ್ತು. ಬರುತ್ತೀರಾ ಎಂದು ನಾನು ಅತ್ತೆಯನ್ನು ಕೇಳಿದೆನೆಂದು ಹೇಳಲಾರೆ. ನಾವು ಹೋಗುತ್ತಿದ್ದೇವೆ ಎಂದು ತಿಳಿಸಿದೆ. ಅವರು ಚಟ್ನಿಪುಡಿ ಕುಟ್ಟಿಸಿಕೊಂಡರು, ನಾನು ತಂದುಕೊಟ್ಟ ಬಿಳಿ ಕ್ಯಾನ್ವಾಸ್ ಶೂಗಳನ್ನು ಸೀರೆಯ ಕೆಳಗೆ ಹಾಕಿಕೊಂಡು ಕನ್ನಡಿಯ ಮುಂದೆ ಒಮ್ಮೆ ನಿಂತರು.

ಜಾವಾ ದ್ವೀಪದ ಪೂರ್ವಕ್ಕೆ ಒಂದು ದೊಡ್ಡ ಜ್ವಾಲಾಮುಖಿಯ ರಾಷ್ಟ್ರೀಯ ಉದ್ಯಾನವಿದೆ. ಅದರ ಹೆಸರು ಹೇಳಲು ಹೋದರೆ ಇಂದಿಗೂ ನನ್ನ ನಾಲಿಗೆ ತೊಡರುತ್ತದೆ. ಉದ್ಯಾನವೆಂದ ಕೂಡಲೇ ನಾನು ಹೂವು, ಕಾರಂಜಿ, ಕಲ್ಲುಬೆಂಚು ಎಂದುಕೊಂಡಿದ್ದೆ. ಜೀಪು ನಮ್ಮನ್ನು ಇಳಿಸಿದ್ದು ಒಂದು ಭಾರಿ ಬೋಗುಣಿಯ ಅಂಚಿನಂಥ ಜಾಗದಲ್ಲಿ. ಬೋಗುಣಿಯ ತಳದಲ್ಲಿ ಕಣ್ಣು ಹಾಯುವಷ್ಟು ದೂರ ಕಪ್ಪು ಮರಳು. ಅದರ ನಡುವೆ ಬೂದುಬಣ್ಣದ ಒಂದು ಬೆಟ್ಟ. ಬೆಟ್ಟದ ಬಾಯಿಂದ ಬೆಳ್ಳಗೆ ಹೊಗೆ ಏಳುತ್ತಿತ್ತು. ಅಲ್ಲಿಗೆ ನಡೆದು ಹೋಗಿ, ಬಾಯೊಳಗೆ ಇಣುಕಿ, ಸಂಜೆಯೊಳಗೆ ವಾಪಸು ಮೇಲಕ್ಕೆ ಬರಬೇಕು. ಇದನ್ನು ಕೇಳಿದ ಕ್ಷಣವೇ ನಾನು ಜೀಪಿನಲ್ಲೇ ಕೂತಿರುತ್ತೇನೆ ಎನ್ನಬೇಕಿತ್ತು. ಆದರೆ ಅತ್ತೆ ಆಗಲೇ ಶೂ ದಾರ ಬಿಗಿ ಮಾಡಿಕೊಂಡು ನಿಂತಿದ್ದರು.

ನಮಗೆ ದಾರಿ ತೋರಿಸಲು ಇಬ್ಬರು ಗೈಡುಗಳು ಬಂದಿದ್ದರು. ನಮ್ಮ ಜೊತೆಗಿದ್ದವಳು ಒಬ್ಬ ಹುಡುಗಿ, ಹೆಸರು ದೇವಿ. ತಲೆಗೆ ಬಟ್ಟೆ ಸುತ್ತಿಕೊಂಡು, ದಪ್ಪ ಬೂಟು ಹಾಕಿ, ಭುಜಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡಿದ್ದಳು. ಬಟ್ಟೆ ಬಿಸಿಲಿಗೋ ಧರ್ಮಕ್ಕೋ ಎಂದು ಅತ್ತೆ ಮೆಲ್ಲಗೆ ಕೇಳಿದರು, ಎರಡಕ್ಕೂ ಇರಬಹುದು ಎಂದೆ. ದೇವಿ ಸರಳವಾದ ಇಂಗ್ಲಿಷಿನಲ್ಲಿ ನಿಯಮಗಳನ್ನು ಹೇಳಿದಳು. ದಾರಿ ಬಿಟ್ಟು ಹೋಗಬಾರದು. ಮಂಜು ಕವಿದರೆ ಇದ್ದ ಜಾಗದಿಂದ ಅಲ್ಲಾಡಬಾರದು, ತಾನೇ ಬಂದು ಕರೆದುಕೊಂಡು ಹೋಗುತ್ತಾಳೆ. ಎಷ್ಟು ಜನರನ್ನು ಒಳಗೆ ಕರೆದೊಯ್ದಳೋ ಅಷ್ಟೂ ಜನರನ್ನು ಹೊರಗೆ ತಂದುಬಿಡುವುದು ತನ್ನ ಜವಾಬ್ದಾರಿ. ನಾನು ಅದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ತಲೆಯಾಡಿಸಿದರು.

ಇಳಿಜಾರಿನ ಮೊದಲ ಭಾಗವೆಲ್ಲ ಹೊಲಗಳು. ಈರುಳ್ಳಿ ಸೊಪ್ಪು, ಎಲೆಕೋಸು, ಆಲೂಗಡ್ಡೆ. ಹೊಲಗಳು ಎಷ್ಟು ಕಡಿದಾಗಿದ್ದವೆಂದರೆ, ಕಾಲು ಜಾರಿದರೆ ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಬೀಳಬಹುದಿತ್ತು. ಅತ್ತೆ ನಿಂತು ನಿಂತು ನೋಡುತ್ತಿದ್ದರು. ನೋಡಿದಿರಾ, ಮಣ್ಣು ಕಂಡರೆ ಹೇಗಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ನಮ್ಮವರಿಗೆ ಹೇಳಿಕೊಂಡೆ. ಸ್ವಲ್ಪ ಕೆಳಗೆ ದಾರಿ ಎರಡಾಗಿ ಒಡೆಯಿತು. ಒಂದು ಹತ್ತಿರದ್ದು, ಒಂದು ಸುತ್ತಿನದು. ಯಾವುದರಲ್ಲಿ ಹೋಗೋಣ ಎಂದು ದೇವಿ ಅತ್ತೆಯ ಕಡೆ ತಿರುಗಿ ಕೇಳಿದಳು. ಅವರಿಗೆ ಹತ್ತಿರದ್ದೇ ಸಾಕು ಎಂದು ನಾನು ಉತ್ತರ ಕೊಟ್ಟೆ. ದೇವಿ ನನ್ನ ಮಾತು ಕೇಳಿಸಿಕೊಂಡಳು, ಆದರೆ ಕಾಲು ಕೀಳಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಅತ್ತೆ ಎರಡೂ ದಾರಿಗಳನ್ನು ನಿಧಾನವಾಗಿ ನೋಡಿ, ಸುತ್ತಿನ ದಾರಿಯ ಕಡೆ ಕೈ ತೋರಿಸಿದರು. ನಮ್ಮ ಕಂಪನಿಯ ಉಳಿದವರು ಇನ್ನೊಬ್ಬ ಗೈಡಿನ ಜೊತೆ ಹತ್ತಿರದ ದಾರಿಯಲ್ಲಿ ಇಳಿದು ಆಗಲೇ ಕಣ್ಮರೆಯಾಗಿದ್ದರು. ಹೀಗೆ ನಾವು ಮೂವರೇ ಉಳಿದೆವು.

ಮರಳಿನ ಬಯಲಲ್ಲಿ ನಡೆಯುವುದು ಹೇಗೆಂದು ನಾನು ವಿವರಿಸಲಾರೆ. ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಬರುತ್ತಿದ್ದೆ. ಕಾರ್ಖಾನೆಯ ಬಸ್ಸು, ಕಚೇರಿಯ ಲಿಫ್ಟು, ಮನೆಯ ಸ್ಕೂಟರು ಇವುಗಳ ನಡುವೆ ಬೆಳೆದ ನನ್ನ ಕಾಲುಗಳು ತಮ್ಮಿಂದ ಏನು ಕೇಳುತ್ತಿದ್ದಾರೆಂದೇ ತಿಳಿಯದೆ ಗಾಬರಿಯಾದವು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ದೇವಿಯ ಪಕ್ಕದಲ್ಲಿ, ಸಂತೆಗೆ ಹೊರಟವರಂತೆ ನಡೆಯುತ್ತಿದ್ದರು. ನಡೆಯುತ್ತಲೇ ಅವಳನ್ನು ವಿಚಾರಿಸತೊಡಗಿದರು. ಪ್ರಶ್ನೆ ಕನ್ನಡದಲ್ಲಿ ಹಿಂದಕ್ಕೆ ಬರುತ್ತಿತ್ತು, ನಾನು ಏದುಸಿರು ಬಿಡುತ್ತ ಅದನ್ನು ಇಂಗ್ಲಿಷ್ ಮಾಡಿ ಮುಂದಕ್ಕೆ ಕಳಿಸಬೇಕಿತ್ತು. ಮದುವೆಯಾಗಿದೆಯೇ? ಇಲ್ಲ. ಊರು ಯಾವುದು? ದೂರ, ಸಮುದ್ರದ ಕಡೆ. ಇಲ್ಲಿ ಎಲ್ಲಿ ಇರುತ್ತಾಳೆ? ಬಾಡಿಗೆ ರೂಮಿನಲ್ಲಿ. ಮನೆಯೊಡತಿ ಹೇಗೆ? ಈ ಪ್ರಶ್ನೆಗೆ ದೇವಿ ಸ್ವಲ್ಪ ತಡೆದು ಉತ್ತರಿಸಿದಳು. ಒಡತಿ ಕೆಟ್ಟವಳಲ್ಲ, ಆದರೆ ಕತ್ತಲಾಗುತ್ತಲೇ ಗೇಟಿಗೆ ಬೀಗ ಹಾಕುತ್ತಾಳೆ. ಬೆಟ್ಟದಿಂದ ಬರುವುದು ತಡವಾದ ದಿನ ಕೂಗಿ ಕೂಗಿ ಎಬ್ಬಿಸಬೇಕು, ಎದ್ದವಳು ಬೈಯುತ್ತಾಳೆ, ಅದಕ್ಕೆ ಕೆಲವೊಮ್ಮೆ ಗೆಳತಿಯ ಮನೆಯಲ್ಲೇ ಉಳಿಯುತ್ತಾಳೆ. ನಾನು ಇದನ್ನು ಕನ್ನಡಕ್ಕೆ ತಂದೆ. ಅತ್ತೆ ಮುಂದೆ ಏನೂ ಕೇಳಲಿಲ್ಲ. ನಮ್ಮ ಬಾಡಿಗೆ ರೂಮುಗಳ ಗೇಟಿಗೂ ದಿನಾ ಬೀಗ ಹಾಕುವವರು ಅವರೇ.

ಬೂದುಬೆಟ್ಟದ ಮೈಗೆ ಮೆಟ್ಟಿಲು ಕಟ್ಟಿದ್ದಾರೆ. ಎಷ್ಟಿದ್ದವೋ ತಿಳಿಯದು, ನಾನು ಎಣಿಸುವುದನ್ನು ಬೇಗನೆ ಬಿಟ್ಟೆ. ಮೇಲೆ ಹತ್ತಿ ನಿಂತಾಗ ಮೊದಲು ತಾಕಿದ್ದು ಶಬ್ದ. ನಮ್ಮ ಕಾರ್ಖಾನೆಯ ಕಂಪ್ರೆಸರ್ ಕೋಣೆಯ ಬಾಗಿಲು ತೆರೆದಾಗ ಎದೆಗೆ ಬಂದು ಬಡಿಯುವ ಶಬ್ದ ನನಗೆ ಪರಿಚಯ. ಇದು ಅಂಥದೇ, ಆದರೆ ಇದನ್ನು ಆರಿಸುವ ಸ್ವಿಚ್ಚು ಯಾರ ಕೈಯಲ್ಲೂ ಇಲ್ಲ. ಕೆಳಗೆ ಬಹಳ ಆಳದಲ್ಲಿ ಹಳದಿ ಬಿರುಕುಗಳಿಂದ ಹೊಗೆ ನುಗ್ಗಿ ನುಗ್ಗಿ ಬರುತ್ತಿತ್ತು, ಬೆಂಕಿಕಡ್ಡಿ ಗೀರಿದ ವಾಸನೆ ಮೂಗಿಗೆ ಹತ್ತುತ್ತಿತ್ತು. ದೇವಿ ಕೊಟ್ಟ ಮಾಸ್ಕನ್ನು ನಾನು ಹಾಕಿಕೊಂಡೆ, ಅತ್ತೆ ಸೆರಗನ್ನೇ ಮೂಗಿಗೆ ಹಿಡಿದರು. ಅಂಚಿನಲ್ಲಿ ಹೂವು ಏರಿಸಿದ ಒಂದು ಪುಟ್ಟ ಗಣೇಶನ ಕಲ್ಲು ಇತ್ತು. "ಇವ್ನೂ ಇಲ್ಲೀಗಂಟ ಬಂದವ್ನೆ" ಎಂದು ಅತ್ತೆ ಕೈಮುಗಿದರು. ಆಮೇಲೆ ಬಹಳ ಹೊತ್ತು ಕೆಳಗೆ ನೋಡುತ್ತ ನಿಂತರು. ಇದು ಉಕ್ಕಿದರೆ ಮೇಲಿನ ಹೊಲದವರು ಏನು ಮಾಡುತ್ತಾರೆಂದು ಕೇಳು ಎಂದರು. ಬಿಟ್ಟು ಹೋಗುತ್ತಾರೆ, ತಣ್ಣಗಾದ ಮೇಲೆ ತಿರುಗಿ ಬರುತ್ತಾರೆ, ಬೂದಿ ಬಿದ್ದ ನೆಲದಲ್ಲಿ ಬೆಳೆ ಚೆನ್ನಾಗಿ ಬರುತ್ತದೆ ಎಂದಳು ದೇವಿ. ಅತ್ತೆ ಹೂಂಗುಟ್ಟಿದರು. ಆ ಹೂಂಕಾರದ ಅರ್ಥವೂ ನನಗೆ ಗೊತ್ತಾಯಿತು ಎಂದುಕೊಂಡೆ.

ವಾಪಸು ಹತ್ತುವಾಗ ನನ್ನ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು. ಹೊಲಗಳು ಶುರುವಾಗುವ ಜಾಗದಲ್ಲಿ ಹುಲ್ಲು ಹೊದೆಸಿದ ಒಂದು ಚಪ್ಪರವಿತ್ತು, ಅಲ್ಲಿ ಕುಸಿದು ಕೂತೆ. ದೇವಿ ಮಂಡಿಯೂರಿ ನನ್ನ ಶೂ ಬಿಚ್ಚಿ, ಔಷಧಿ ಹಚ್ಚಿ, ಪಟ್ಟಿ ಸುತ್ತತೊಡಗಿದಳು. ನಾನು ನೋವಿಗೆ ಹಲ್ಲು ಕಚ್ಚಿ ನನ್ನ ಕಾಲನ್ನೇ ನೋಡುತ್ತಿದ್ದೆ. ಪಟ್ಟಿ ಸುತ್ತಿ ಮುಗಿಸಿ ಇಬ್ಬರೂ ತಲೆಯೆತ್ತಿದಾಗ ಎದುರಿನ ಬಯಲು ಇರಲಿಲ್ಲ, ಬೆಟ್ಟವಿರಲಿಲ್ಲ, ಹತ್ತು ಮಾರು ದೂರದ ಗಿಡವಿರಲಿಲ್ಲ. ಎಲ್ಲ ಕಡೆ ಮಂಜು. ಪಕ್ಕದ ಹಲಗೆಯ ಮೇಲೆ ಕೂತಿದ್ದ ಅತ್ತೆಯೂ ಇರಲಿಲ್ಲ.

ಮೊದಮೊದಲು ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಹೇಳದೆ ಕೇಳದೆ ಎಲ್ಲಿಗೆ ಹೋದರು ಎಂದು ಗೊಣಗಿದೆ. ದೇವಿ ಸೀಟಿ ಊದಿದಳು, ಸುಮ್ಮನಾಗಿ ಕಿವಿಗೊಟ್ಟಳು, ಮತ್ತೆ ಊದಿದಳು. ಉತ್ತರವಿಲ್ಲ. ಚಪ್ಪರದ ಒಂದು ಪಕ್ಕಕ್ಕೆ ಹೊಲ, ಇನ್ನೊಂದು ಪಕ್ಕಕ್ಕೆ ನಾವು ಹತ್ತಿ ಬಂದ ಕಡಿದಾದ ಇಳಿಜಾರು. ಆ ಇಳಿಜಾರಿನ ಕಡೆ ಅವಳು ಒಮ್ಮೆ ನೋಡಿದಳು, ನಾನೂ ನೋಡಿದೆ, ನನ್ನ ಗೊಣಗಾಟ ಅಲ್ಲಿಗೇ ನಿಂತಿತು. ಅವಳ ಕೈ ವಾಕಿಟಾಕಿಯ ಮೇಲೆ ಹೋಗಿ ಅಲ್ಲೇ ನಿಂತಿತು. ಹಿಂದೆ ಒಬ್ಬ ಗೈಡು ಹೀಗೇ ಒಬ್ಬರನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕಳೆದುಕೊಂಡಿದ್ದನಂತೆ, ಅವರು ಸುರಕ್ಷಿತವಾಗಿ ಸಿಕ್ಕರೂ ಅವನಿಗೆ ಮತ್ತೆ ಬೆಟ್ಟದ ಕೆಲಸ ಸಿಗಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಅವಳೇ. ಸ್ವಲ್ಪ ಹೊತ್ತು ನಾವೇ ಹುಡುಕೋಣ, ಆಮೇಲೆ ತಿಳಿಸಿದರಾಯಿತು ಎಂದು ಅವಳು ಹೇಳಬಹುದಿತ್ತು. ಹೇಳಿದ್ದರೆ ನಾನು ಒಪ್ಪುತ್ತಿದ್ದೆ ಕೂಡ. ಅವಳು ಹಾಗೆ ಮಾಡಲಿಲ್ಲ. ಗುಂಡಿ ಒತ್ತಿ, ತನ್ನ ಭಾಷೆಯಲ್ಲಿ, ಒಬ್ಬರು ಕಾಣುತ್ತಿಲ್ಲ ಎಂದು ಕಚೇರಿಗೆ ಹೇಳಿಯೇಬಿಟ್ಟಳು.

ಮೇಲಿನಿಂದ ಉದ್ಯಾನದ ಇಬ್ಬರು ನೌಕರರು ಇಳಿದು ಬಂದರು. ದಾರಿಯಲ್ಲಿ ಸಿಕ್ಕ ಹೊಲದವರೂ ಅವರ ಜೊತೆಗೆ ಬಂದಿದ್ದರು. ಹೆಸರೇನು ಎಂದು ಕೇಳಿದರು. ಹೇಳಿದೆ. ಅವರು ಮಂಜಿನೊಳಗೆ ಹರಡಿಕೊಂಡು "ಪಿಲ್ಲಮಾ, ಪಿಲ್ಲಮಾ" ಎಂದು ಕೂಗತೊಡಗಿದರು. ನಾನು "ಅತ್ತೆ" ಎಂದು ಕೂಗಿದೆ. ಆ ಪದವನ್ನು ನಾನು ಅಡುಗೆಮನೆಯಿಂದ ನಡುಮನೆಗೆ ಕೇಳುವಷ್ಟು ಮಾತ್ರ ಗಟ್ಟಿಯಾಗಿ ಹೇಳಿ ರೂಢಿ, ಅದು ಬೆಟ್ಟಕ್ಕೆ ಸಾಲಲಿಲ್ಲ. ಮನೆಗೆ ಹೇಗೆ ಫೋನು ಮಾಡುವುದು, ಮೊದಲ ಮಾತು ಏನಾಡುವುದು ಎಂದು ಮನಸ್ಸು ಬೇಡವೆಂದರೂ ಜೋಡಿಸಿಕೊಳ್ಳುತ್ತಿತ್ತು. ಅವರು ಇಲ್ಲದ ಮನೆ ಹೇಗಿರುತ್ತದೆಂದು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಬೆಳಿಗ್ಗೆ ನಾನು ಏಳುವ ಮೊದಲೇ ಕೇಳುವ ಪೊರಕೆಯ ಸದ್ದು ನೆನಪಾಯಿತು. ಕೊನೆಗೆ ಇದ್ದ ಉಸಿರನ್ನೆಲ್ಲ ಸೇರಿಸಿ ನಾನೂ "ಪಿಳ್ಳಮ್ಮಾ" ಎಂದು ಕೂಗಿದೆ. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಹೆಸರನ್ನು ನಾನು ಬಾಯಿ ಬಿಟ್ಟು ಕರೆದದ್ದು ಅದೇ ಮೊದಲು. ಕೂಗುತ್ತ ಕೂಗುತ್ತ ಅಳು ಬಂತು.

ಸಿಕ್ಕಿದ್ದು ದೂರದಲ್ಲೇನೂ ಅಲ್ಲ. ಹೊಲದೊಳಗೆ, ಒಂದು ಏರಿಯ ಆಚೆ, ತಗಡಿನ ಒಂದು ಮನೆ. ಅದರ ಮುಂದಿನ ಈರುಳ್ಳಿ ಸಾಲುಗಳ ನಡುವೆ ಇಬ್ಬರು ಹೆಂಗಸರು ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಒಬ್ಬಳಿಗೆ ಬಿದಿರಿನ ಟೋಪಿ. ಇನ್ನೊಬ್ಬರಿಗೆ ಹಸಿರು ಸೀರೆ, ಮಣ್ಣು ಮೆತ್ತಿದ ಬಿಳಿ ಕ್ಯಾನ್ವಾಸ್ ಶೂ. ನಾನು ಓಡಿಹೋಗಿ ಅವರ ಪಕ್ಕದಲ್ಲೇ ಒದ್ದೆ ಮಣ್ಣಿನಲ್ಲಿ ಕೂತುಬಿಟ್ಟೆ.

"ಯಾಕಮ್ಮಾ ಅಳ್ತೀಯ? ಕಾಲು ಅಷ್ಟು ನೋಯ್ತದಾ?" ಎಂದರು ಅತ್ತೆ. ಆಮೇಲೆ, "ನೀನಾ ನನ್ನೆಸ್ರು ಇಡ್ದು ಕೂಗಿದ್ದು?" ಎಂದು ಕೇಳಿದರು. ನಾನು ನಾಲ್ಕು ಎಳೆ ಕಳೆ ಕಿತ್ತೆ. ಅದರಲ್ಲಿ ಎರಡು ಈರುಳ್ಳಿಯಾಗಿದ್ದವು.

ದೇವಿ ಅತ್ತೆಯನ್ನು ಬಯ್ಯಲಿಲ್ಲ. ಅವರ ಮಣ್ಣಿನ ಕೈಗಳನ್ನು ಹಿಡಿದುಕೊಂಡು ನಿಂತಳು ಅಷ್ಟೇ. ಅವಳ ಕಣ್ಣು ಕೆಂಪಾಗಿದ್ದವು. ಮೇಲೆ ಹತ್ತುವಾಗ ಅತ್ತೆ ನನ್ನನ್ನು ಕೇಳಿ ಕೇಳಿ ಎಲ್ಲವನ್ನೂ ತಿಳಿದುಕೊಂಡರು: ವಾಕಿಟಾಕಿ, ಹಿಂದಿನ ಗೈಡು, ಅವನಿಗೆ ಸಿಗದೆ ಹೋದ ಬೆಟ್ಟ. ಉದ್ಯಾನದ ಕಚೇರಿಯಲ್ಲಿ ಸಮವಸ್ತ್ರದ ಒಬ್ಬ ಅಧಿಕಾರಿ ಮೇಜಿನ ಹಿಂದೆ ಕೂತಿದ್ದ. ಅವನು ಗಟ್ಟಿಯಾಗಿ ಮಾತಾಡುವ ಮನುಷ್ಯನಲ್ಲ, ಮೆಲ್ಲನೆ ಮಾತಾಡಿದ್ದರಿಂದಲೇ ಇನ್ನೂ ಭಯವಾಯಿತು. ದೇವಿ ತಲೆ ತಗ್ಗಿಸಿ ನಿಂತಿದ್ದಳು. ತಪ್ಪು ತನ್ನದು, ಹುಡುಗಿಯದಲ್ಲ ಎಂದು ಹೇಳು ಎಂದರು ಅತ್ತೆ. ಹೇಳಿದೆ. ಅಧಿಕಾರಿ ಸೌಜನ್ಯದಿಂದ ತಲೆಯಾಡಿಸಿ, ಅವಳ ವಿಷಯವನ್ನು ನಾಳೆ ನೋಡೋಣ, ನೀವು ಹೊರಡಿ, ಜೀಪು ಕಾಯುತ್ತಿದೆ ಎಂದ. ನಾನು ಅದನ್ನೂ ಅನುವಾದಿಸಿದೆ.

ಅತ್ತೆ ಅಲ್ಲಿದ್ದ ಬೆಂಚಿನ ಮೇಲೆ ಕೂತರು. "ನೋಡಾಣ ಅಂದ್ರೆ ಏನು ಅಂತ ನಂಗೊತ್ತು. ನಾನೂ ಅಂಗೇ ಅಂತೀನಿ. ಈಗ್ಲೇ ಯೋಳಕ್ಕೆ ಯೋಳು," ಎಂದರು.

ಇದನ್ನು ಇಂಗ್ಲಿಷಿಗೆ ತರುವಾಗ ನಾನು ಬಹಳ ಮೆತ್ತಗೆ ಮಾಡಿದೆ. ಅಧಿಕಾರಿಗೆ ನನ್ನ ಇಂಗ್ಲಿಷಿಗಿಂತ ಅತ್ತೆಯ ಕೂತ ಭಂಗಿಯೇ ಚೆನ್ನಾಗಿ ಅರ್ಥವಾಗಿರಬೇಕು. ಹೊರಗೆ ಜೀಪಿನವನು ಹಾರ್ನ್ ಹೊಡೆದ. ನಮ್ಮ ಕಂಪನಿಯವರು ಬಾಗಿಲಲ್ಲಿ ಇಣುಕಿ ಹೋದರು. ಅಧಿಕಾರಿ ಕಾಗದ ನೋಡಿದ, ಕಿಟಕಿ ನೋಡಿದ, ನಮಗೆ ಚಹಾ ತರಿಸಿದ. ಅತ್ತೆ ಚಹಾ ಕುಡಿದು ಲೋಟ ಕೆಳಗಿಟ್ಟು ಮತ್ತೆ ಅವನನ್ನೇ ನೋಡುತ್ತ ಕೂತರು. ಆ ನೋಟದ ಎದುರಿಗೆ ಎರಡು ವರ್ಷ ಕೂತವಳು ನಾನು, ಆ ಮನುಷ್ಯನ ಬಗ್ಗೆ ನನಗೆ ಕನಿಕರವೇ ಆಯಿತು. ಕೊನೆಗೆ ಅವನು ದೇವಿಯನ್ನು ಕರೆದು ನಮ್ಮೆದುರಿಗೇ ಹೇಳಿದ. ಆದದ್ದನ್ನು ಬರೆದುಕೊಡಲಿ, ತಕ್ಷಣ ತಿಳಿಸಿದ್ದು ಸರಿಯಾಗಿದೆ, ನಾಳೆ ಎಂದಿನಂತೆ ಕೆಲಸಕ್ಕೆ ಬರಲಿ. ದೇವಿ ಇಂಗ್ಲಿಷಿನಲ್ಲಿ ನನಗೂ, ನಾನು ಕನ್ನಡದಲ್ಲಿ ಅತ್ತೆಗೂ ಅದನ್ನು ಹೇಳಿದ ಮೇಲೆಯೇ ಅವರು ಬೆಂಚಿನಿಂದ ಎದ್ದರು.

ಹೋಟೆಲಿಗೆ ಬಂದವಳೇ ನಾನು ನಮ್ಮವರಿಗೆ ಫೋನು ಮಾಡಿದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಹಿಡಿಸಿತು. ಮಂಜು, ಬೆಟ್ಟ, ಪರದೇಶದ ಹೊಲ, ಅದರಲ್ಲಿ ಕೂತು ಕಳೆ ಕೀಳುತ್ತಿರುವ ಅಮ್ಮ. ಮಣ್ಣು ಅವರನ್ನು ಕರೆಯಿತು ರೀ, ಎಲ್ಲಿದ್ದರೂ ಕರೆಯುತ್ತದೆ, ಆ ಪೀಜಿ ನಮಗೆ ಬೇಡ ಎಂದೆ. ಆ ಕಡೆಯಿಂದ ಮೂಗು ಸೀನಿದ ಸದ್ದು. ಕಂಟ್ರಾಕ್ಟರನಿಗೆ ಈಗಲೇ ಬೇಡವೆಂದು ಹೇಳಿಬಿಡುತ್ತೇನೆ ಎಂದರು ನಮ್ಮವರು. ನಾನು ಕಣ್ಣೊರೆಸಿಕೊಂಡು ಫೋನಿಟ್ಟು ತಿರುಗಿದರೆ, ಅತ್ತೆ ಚಟ್ನಿಪುಡಿ ಡಬ್ಬಿ ಹಿಡಿದು ನಿಂತಿದ್ದರು.

"ಯಾವ ಮಣ್ಣು ಕರೀತು?" ಎಂದರು.

ಅವರು ಮಂಚದ ಮೇಲೆ ಕೂತು, ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದರು: "ಉಚ್ಚೆಗೋಗಿದ್ದೆ ಕಣಮ್ಮಾ. ಬೆಳಗ್ಗಿಂದ ತಡ್ಕಂಡಿದ್ದೆ. ನೀವಿಬ್ರೂ ಇಮ್ಮಡಿ ಇಡ್ಕಂಡು ಕೂತಿದ್ರಿ. ಆ ಎಂಗ್ಸು ಪಾಪ ಅವ್ರ ಮನೆ ತಾವ್ಕೆ ಕರ್ಕಂಡೋದ್ಲು. ಈಚೆಗೆ ಬಂದ್ರೆ ಮಂಜು. ಮಂಜು ಬಂದ್ರೆ ಅಲ್ಲಾಡ್ಬ್ಯಾಡಿ ಅಂತ ಆ ಉಡ್ಗೀನೇ ಯೋಳಿದ್ಲಲ್ಲ, ನೀನೇ ತಾನೆ ಕನ್ನಡದಾಗೆ ಯೋಳಿದ್ದು. ಅಲ್ಲಾಡ್ದೆ ಕೂತ್ಕಂಡೆ. ನೀವು ಕೂಗಿದ್ಕೆ ಓ ಅಂದೆ, ನಿಮ್ಗೆ ಕೇಳಿಸ್ಲಿಲ್ಲ. ಸುಮ್ಕೆ ಕೂತ್ಕಳಕ್ಕಾಯ್ತದಾ? ಎರಡು ಸಾಲು ಕಳೆ ಕಿತ್ತೆ."

ಹಾಗಾದರೆ ಸಹಿ ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಎರಡು ವರ್ಷದಲ್ಲಿ ಆ ಪ್ರಶ್ನೆಯನ್ನು ನಾನು ಅವರಿಗೆ ಕೇಳಿದ್ದು ಅದೇ ಮೊದಲು.

"ನನ್ನ ಯಾರು ಕೇಳಿದ್ರು?" ಎಂದರು ಅತ್ತೆ. "ಕಾಗ್ದ ಮುಂದಕ್ಕಿಟ್ಟು ಇಲ್ಲಿ ಆಕು ಅಂದ್ರಿ. ಏನ್ ಕಟ್ಟಾಣ, ಎಂಗೆ ಕಟ್ಟಾಣ, ಕಟ್ಟಾಣ್ವಾ ಬ್ಯಾಡ್ವಾ ಅಂತ ಒಬ್ರಾದ್ರೂ ಕೇಳಿದ್ರಾ? ನಿಮ್ಮಾವ ಇರಾಗಂಟ ಕೇಳೋರು. ಜಗಳ ಆಡ್ಕಂಡಾದ್ರೂ ಕೇಳೋರು. ಅವ್ರು ಓದ್ಮ್ಯಾಕೆ, ಉಂಡ್ಯಾ, ಮಾತ್ರೆ ನುಂಗಿದ್ಯಾ ಅಂತ ಕೇಳ್ತೀರಿ. ಅಷ್ಟೇಯ."

ಅದರಲ್ಲಿ ದೂರಿನ ದನಿ ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಸಮಜಾಯಿಷಿ ಕೊಡಬಹುದಿತ್ತು. ಅವರು ಡಬ್ಬಿಯ ಮುಚ್ಚಳ ತೆಗೆದು ನನ್ನ ತಟ್ಟೆಗೆ ಚಟ್ನಿಪುಡಿ ಹಾಕಿ, ಅನ್ನ ತಣ್ಣಗಾಗುತ್ತದೆ, ತಿನ್ನು ಎಂದರು.

ನಾವು ಊರು ತಲುಪುವಷ್ಟರಲ್ಲಿ ನನ್ನ ಫೋನಿನ ಕಥೆ ನಮ್ಮ ಬೀದಿಯನ್ನೆಲ್ಲ ಸುತ್ತಿ ಬಂದಿತ್ತು. ನಾದಿನಿ ಬಂದು ತಾಯಿಯನ್ನು ತಬ್ಬಿಕೊಂಡು ಅತ್ತಳು. ಸರ್ಜಾಪುರದಿಂದ ಅತ್ತೆಯ ತಮ್ಮ ಬಂದು, ನಮ್ಮಕ್ಕ ಒಬ್ಬಳೇ ಕಣ್ರೀ ಭೂಮಿತಾಯಿ ಮಗಳು ಎಂದು ಹೊಗಳಿ ಹೋದರು. ಅತ್ತೆ ಎಲ್ಲರಿಗೂ ಕಾಫಿ ಕೊಟ್ಟರು, ಎಲ್ಲರೂ ಹೋದ ಮೇಲೆ ನನ್ನ ಕಡೆ ಒಂದು ನೋಟ ನೋಡಿದರು. ಆ ರಾತ್ರಿ ಊಟಕ್ಕೆ ಕೂತಾಗ ನಾನು ನಮ್ಮವರಿಗೆ ನಿಜವಾದ ಕಥೆ ಹೇಳಬೇಕಾಯಿತು. ತಾವು ಮೂಗು ಸೀನಿದ್ದು ಇದಕ್ಕೋಸ್ಕರವೇ ಎಂದು ಅವರಿಗೆ ನಂಬಲಾಗಲಿಲ್ಲ. ಮಾರನೆಯ ದಿನ ಅವರು ತಾಯಿಯ ಎದುರಿಗೆ ಕಾಗದವಿಲ್ಲದೆ ಬರಿಗೈಯಲ್ಲಿ ಕೂತು, ಅಮ್ಮ, ಆ ಜಾಗದಲ್ಲಿ ಏನು ಮಾಡೋಣ ಅಂತೀಯಾ ಎಂದು ಕೇಳಿದರು. ಕೇಳುವುದು ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ತೊದಲಿದರು. ಅತ್ತೆ ಒಂದು ಇಡೀ ದಿನ ತೆಗೆದುಕೊಂಡರು. ಆಮೇಲೆ ಹೇಳಿದರು: ಪೀಜಿಯೇ ಕಟ್ಟಿಸಿ, ಆದರೆ ಹೆಣ್ಣುಮಕ್ಕಳಿಗೆ. ಗೇಟಿಗೆ ತಾನು ಬೀಗ ಹಾಕುವುದಿಲ್ಲ, ಒಬ್ಬೊಬ್ಬಳ ಕೈಗೂ ಒಂದೊಂದು ಬೀಗದ ಕೈ ಕೊಡಬೇಕು. ಇಷ್ಟು ಹೇಳಿ ಅವರೇ ಕನ್ನಡಕ ಹುಡುಕಿಕೊಂಡು ಬಂದರು.

ಬೇಡವೆಂದು ಕಳಿಸಿದ್ದ ಕಂಟ್ರಾಕ್ಟರನನ್ನು ಮತ್ತೆ ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು, ಅದು ನ್ಯಾಯವೇ. ಈಗ ಪಾಯ ಎದ್ದಿದೆ. ರಾಯಚೂರು ಕಡೆಯ ಮೇಸ್ತ್ರಿ ಹನುಮಂತಪ್ಪನೂ ಅವನ ಕಡೆಯವರೂ ಕೆಲಸ ಮಾಡುತ್ತಿದ್ದಾರೆ, ಅತ್ತೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಇರುತ್ತಾರೆ. ಮೊನ್ನೆ ಭಾನುವಾರ ನನ್ನನ್ನೂ ಕರೆದರು. ಅಲ್ಲಿ ಅಡುಗೆಯ ಉಸ್ತುವಾರಿ ಮುಂದೆ ನಾನೇ ನೋಡಿಕೊಳ್ಳಬೇಕಂತೆ, ಅದಕ್ಕೆ ಅಡುಗೆಮನೆ ಎಲ್ಲಿರಬೇಕೆಂದು ನಾನೇ ಹೇಳಬೇಕಂತೆ. "ನಿಂಗೆ ಎಲ್ಲಿ ಬೇಕು ರತ್ನಾ?" ಎಂದು ಕೇಳಿದರು. ಈ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಎಂದು ತವರಿಗೆ ಹೋದಾಗಲೆಲ್ಲ ಹೇಳುತ್ತಿದ್ದವಳು ನಾನು. ಅವರು ಕಾಯುತ್ತ ನಿಂತರು. ನಾನು ಆ ಮೂಲೆ ನೋಡಿದೆ, ಈ ಮೂಲೆ ನೋಡಿದೆ, ಕೊನೆಗೆ, ನಿಮ್ಮಿಷ್ಟ ಅತ್ತೆ ಎಂದೆ. ಅವರು ನಿಟ್ಟುಸಿರು ಬಿಟ್ಟು, ಯೋಚಿಸಿ ಹೇಳು ಎಂದು ಹೊರಟುಹೋದರು.

ಯೋಚಿಸುತ್ತಲೇ ಇದ್ದೇನೆ. ಹನುಮಂತಪ್ಪ ದಿನಾ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು, "ಅಕ್ಕಾರ, ಅಡಗಿಮನಿ ಎಲ್ಲಿ ಅಂತ ಹೇಳಿದ್ರ ಗ್ವಾಡಿ ಏರಸ್ತೀನ್ರಿ" ಎನ್ನುತ್ತಾನೆ. ನಾಳೆ ಹೇಳುತ್ತೇನೆ ಎನ್ನುತ್ತೇನೆ. ನನಗೆ ಎಲ್ಲಿ ಬೇಕು ಎಂಬುದು ಇನ್ನೂ ಗೊತ್ತಾಗಿಲ್ಲ. ಅತ್ತೆಗೆ ಮಾತ್ರ ಆಗ್ನೇಯದ ಮೂಲೆಯೇ ಮನಸ್ಸಿನಲ್ಲಿರಬಹುದು ಎಂದು ನನಗೆ ಬಲವಾದ ಅನುಮಾನ.